ಅಡಿಕೆಯ ಮೇಲಿನ ಆರೋಪ, ಕೋಶದೊಳಗಿನ ಸಾಕ್ಷಿ

ಜೂನ್ ಎಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಕೊಳೆರೋಗದ ಹೆದರಿಕೆಯ ತಿಂಗಳು. ಮಳೆ ಹಿಡಿಯುವ ಮೊದಲು ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಅನುಕೂಲ ಇದ್ದವರು ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟಿಸಬೇಕು. 2003ರ ಜೂನ್‌ನಲ್ಲಿ ಈ ಕೆಲಸ ನಡೆದಿದ್ದ ಹೊತ್ತಿಗೇ ಫ್ರಾನ್ಸಿನ ಲಿಯಾನ್ ನಗರದಲ್ಲಿ ವಿಜ್ಞಾನಿಗಳ ಗುಂಪೊಂದು ಎಲೆಅಡಿಕೆಯ ಕಡತಗಳನ್ನು ಹರಡಿಕೊಂಡು ಕೂತಿತ್ತು. ಸಭೆ ಕರೆದದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಸಭೆ ಮುಗಿಯುವಾಗ ಒಂದು ತೀರ್ಮಾನ ಹೊರಬಿತ್ತು: ಹೊಗೆಸೊಪ್ಪು ಸೇರಿರಲಿ, ಸೇರದಿರಲಿ, ಅಡಿಕೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು. 2004ರಲ್ಲಿ ಅಚ್ಚಾದ ಆ ಸಂಸ್ಥೆಯ 85ನೇ ಸಂಪುಟದಲ್ಲಿ ಅಡಿಕೆ ಒಂದನೇ ಗುಂಪಿಗೆ, ಅಂದರೆ ಸಿಗರೇಟಿನ ಹೊಗೆ ಮತ್ತು ಕಲ್ನಾರಿನ ಸಾಲಿಗೆ ಸೇರಿತು.

ಮಲೆನಾಡಿನಲ್ಲಿ ಇದು ವಿಜ್ಞಾನದ ಸುದ್ದಿಯಾಗಿ ಉಳಿಯಲಿಲ್ಲ, ಧಾರಣೆಯ ಸುದ್ದಿಯಾಯಿತು. ಅಲ್ಲಿಂದ ಇಲ್ಲಿಯವರೆಗಿನ ಎರಡು ದಶಕಗಳಲ್ಲಿ ಅಡಿಕೆ ಕ್ಯಾನ್ಸರ್‌ಕಾರಕ ಹೌದೋ ಅಲ್ಲವೋ ಎಂಬ ಜಗಳ ನ್ಯಾಯಾಲಯದ ಪ್ರಮಾಣಪತ್ರಗಳಲ್ಲಿ, ಬೆಳೆಗಾರರ ಸಮಾವೇಶಗಳಲ್ಲಿ, ಸಂಸತ್ತಿನ ಪ್ರಶ್ನೋತ್ತರಗಳಲ್ಲಿ ನಡೆದಿದೆ. ಸಾಕ್ಷಿ ಇದ್ದದ್ದು ಬೇರೆ ಕಡೆ: ಕವಳ, ಅಂದರೆ ಎಲೆಅಡಿಕೆ, ಅಗಿಯುವವರ ಕೆನ್ನೆಯ ಒಳಪದರದ ಕೋಶಗಳಲ್ಲಿ, ಆ ಕೋಶಗಳ ಮೈಮೇಲಿನ ಕೆಲವು ಪ್ರೋಟೀನುಗಳಲ್ಲಿ. ನಮ್ಮ ಕನ್ನಡದ ಅಡಿಕೆ ಚರ್ಚೆ ಆ ಸಾಕ್ಷಿಯನ್ನು ಕಟಕಟೆಗೆ ಕರೆದದ್ದು ಬಹಳ ಅಪರೂಪ.

ಆರೋಪ ಹಳೆಯದು. ಮದ್ರಾಸಿನ ಜನರಲ್ ಆಸ್ಪತ್ರೆಯ ಶಸ್ತ್ರವೈದ್ಯ ನಿಬ್ಲಾಕ್ 1902ರಲ್ಲೇ ಕೆನ್ನೆಯ ಕ್ಯಾನ್ಸರಿಗೂ ಎಲೆಅಡಿಕೆ ಜಗಿಯುವುದಕ್ಕೂ ನಂಟಿದೆ ಎಂದು ಬರೆದಿದ್ದ. 1933ರಲ್ಲಿ ಆರ್ ಎಂಬ ವೈದ್ಯ ತಿರುವಾಂಕೂರಿನ ರೋಗಿಗಳನ್ನು ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನೇ ಇನ್ನಷ್ಟು ವಿವರವಾಗಿ ಹೇಳಿದ. 1952ರಲ್ಲಿ ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಬಾಯಿಯ ಒಳಪದರ ಬಿಳಿಚಿ ಬಿರುಸಾಗಿ, ಬಾಯಿ ತೆರೆಯಲಾಗದ ಸ್ಥಿತಿಯನ್ನು ಶ್ವಾರ್ಟ್ಜ್ ಎಂಬಾತ ದಾಖಲಿಸಿದ. ಮರುವರ್ಷ ಮುಂಬಯಿಯ ಜೋಶಿ ಅದೇ ರೋಗವನ್ನು ಇಲ್ಲಿ ಗುರುತಿಸಿದರು. ಇಂದು ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳ ಬೆನ್ನು ಬಿಡದೆ 17 ವರ್ಷ ನೋಡಿದ ಮೂರ್ತಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿತ್ತು: ಶೇ 7.6ರಷ್ಟು ಮಂದಿಯಲ್ಲಿ ರೋಗ ಕ್ಯಾನ್ಸರಿಗೆ ತಿರುಗಿತ್ತು.

ಅದೇ 1985ರಲ್ಲಿ ಲಿಯಾನ್ ಸಂಸ್ಥೆ ಅಡಿಕೆಯ ಬಗ್ಗೆ ಮೊದಲ ಬಾರಿ ತೀರ್ಪು ಕೊಟ್ಟಿತ್ತು. ಹೊಗೆಸೊಪ್ಪು ಸೇರಿದ ಕವಳ ಕ್ಯಾನ್ಸರ್‌ಕಾರಕ. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು. ನ್ಯಾಯವಾದ ಮಾತೇ. ಭಾರತದಲ್ಲಿ ಅಡಿಕೆಯನ್ನೂ ಹೊಗೆಸೊಪ್ಪನ್ನೂ ಕೂಡಿಸಿಯೇ ಜಗಿಯುವವರು ಹೆಚ್ಚಾದ್ದರಿಂದ ಒಂದರ ಪಾಪವನ್ನು ಇನ್ನೊಂದರಿಂದ ಬಿಡಿಸುವುದು ಕಷ್ಟವಿತ್ತು. ‘ತಪ್ಪು ಹೊಗೆಸೊಪ್ಪಿನದು, ಶಿಕ್ಷೆ ಅಡಿಕೆಗೆ’ ಎಂದು ಮಲೆನಾಡಿನ ಬೆಳೆಗಾರ ಇಂದಿಗೂ ಹೇಳುವ ಮಾತಿನ ಹಿಂದೆ ಆ ಹಳೆಯ ತೀರ್ಪಿನ ನೆರಳಿದೆ. ಆ 18 ವರ್ಷ ಅದು ಸಮರ್ಥನೀಯ ವಾದವೂ ಆಗಿತ್ತು.

ಎರಡನ್ನೂ ಬೇರ್ಪಡಿಸಿ ಕೊಟ್ಟದ್ದು ತೈವಾನ್. ಅಲ್ಲಿ ಎಳೆಯ ಹಸಿರು ಅಡಿಕೆಯನ್ನು ಸುಣ್ಣದ ಜೊತೆ ಜಗಿಯುತ್ತಾರೆ, ಹೊಗೆಸೊಪ್ಪು ಹಾಕುವ ರೂಢಿಯೇ ಇಲ್ಲ. ಆದರೂ ಅಲ್ಲಿಯ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಏರುತ್ತಲೇ ಹೋಯಿತು. ತೊಂಬತ್ತರ ದಶಕದ ತೈವಾನಿನ ಅಧ್ಯಯನಗಳು, ಭಾರತದಲ್ಲಿ ಗುಟ್ಕಾ ಮತ್ತು ಪಾನ್ ಮಸಾಲಾ ಚೀಟುಗಳ ಹಿಂದೆಯೇ ಹರೆಯದ ಹುಡುಗರಲ್ಲಿ ಹಬ್ಬಿದ ಸಬ್‌ಮ್ಯೂಕಸ್ ಫೈಬ್ರೋಸಿಸ್, ಇವೆರಡೂ ಸೇರಿ 2003ರ ಸಭೆಯ ತಕ್ಕಡಿಯನ್ನು ವಾಲಿಸಿದವು.

ಇಷ್ಟು ಜನರ ಲೆಕ್ಕ ಹಿಡಿದವರ ಕಥೆ. ಇದಕ್ಕೆ ಸಮಾನಾಂತರವಾಗಿ, ಅಡಿಕೆಯ ಹೆಸರನ್ನೂ ಕೇಳದವರು ಬೇರೊಂದು ದಾರಿಯಲ್ಲಿ ನಡೆದು ಅದೇ ಕೆನ್ನೆಯ ಬಳಿ ಬಂದು ನಿಂತರು. ನನಗೆ ಈ ಕಥೆಯ ಹೆಚ್ಚು ಸ್ವಾರಸ್ಯವಾದ ಭಾಗ ಅದೇ.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಒಂದು ಕೋಳಿಯ ಗೆಡ್ಡೆಯ ರಸವನ್ನು ಸೋಸಿ ಇನ್ನೊಂದು ಕೋಳಿಗೆ ಚುಚ್ಚಿ, ಗೆಡ್ಡೆ ವೈರಸ್ಸಿನಿಂದ ಹರಡಿದ್ದನ್ನು ತೋರಿಸಿದ. ಆ ಕೆಲಸಕ್ಕೆ ಅವನಿಗೆ ನೊಬೆಲ್ ಬಂದದ್ದು 1966ರಲ್ಲಿ! ಆ ವೈರಸ್ಸಿನ ಕ್ಯಾನ್ಸರ್ ಜೀನ್ ವೈರಸ್ಸಿನ ಸ್ವಂತದ್ದಲ್ಲ, ಆರೋಗ್ಯವಂತ ಕೋಳಿಯ ಕೋಶದಿಂದಲೇ ಎತ್ತಿಕೊಂಡದ್ದು ಎಂದು 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಸಂಗಡಿಗರು ಸಾಬೀತು ಮಾಡಿದರು. ಅಂದರೆ ಕ್ಯಾನ್ಸರಿನ ಬೀಜ ಹೊರಗಿನಿಂದ ಬರಬೇಕೆಂದೇನೂ ಇಲ್ಲ. ಕೋಶ ಬೆಳೆಯಲು, ವಿಭಜನೆಯಾಗಲು ದಿನನಿತ್ಯ ಬೇಕಾಗುವ ಜೀನುಗಳೇ ಕೆಟ್ಟರೆ ಕ್ಯಾನ್ಸರ್ ಜೀನುಗಳಾಗುತ್ತವೆ. ಕೆಡಿಸುವುದಕ್ಕೆ ವೈರಸ್ಸೇ ಬೇಕಿಲ್ಲ. ಹೊಗೆ, ವಿಕಿರಣ, ರಾಸಾಯನಿಕ, ಯಾವುದಾದರೂ ಆದೀತು.

ಇನ್ನೊಂದು ಎಳೆ ಎಂಜಲಿನಿಂದ ಹೊರಟಿತು. ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಇಲಿಯ ಜೊಲ್ಲುಗ್ರಂಥಿಯಿಂದ ತೆಗೆದ ಸಾರವನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣು ಅವಧಿಗೆ ಮೊದಲೇ ತೆರೆದವು, ಹಲ್ಲು ಬೇಗ ಮೂಡಿದವು. ಸಾರದಲ್ಲಿದ್ದದ್ದು ಚರ್ಮದ ಕೋಶಗಳನ್ನು ಬೆಳೆಯುವಂತೆ ಪ್ರಚೋದಿಸುವ ಒಂದು ಪುಟ್ಟ ಪ್ರೋಟೀನು, ಇಜಿಎಫ್. ಅದನ್ನು ಹಿಡಿದುಕೊಳ್ಳಲು ಕೋಶದ ಮೇಲ್ಮೈಯಲ್ಲಿ ನಾಟಿಕೊಂಡ ಗ್ರಾಹಕ ಪ್ರೋಟೀನಿದೆ, ಅದು ಇಜಿಎಫ್‌ಆರ್. ಗ್ರಾಹಕದ ಒಂದು ತುದಿ ಕೋಶದ ಹೊರಗೆ, ಇನ್ನೊಂದು ತುದಿ ಒಳಗೆ. ಹೊರಗೆ ಇಜಿಎಫ್ ಬಂದು ಕೂತಾಗ ಎರಡು ಗ್ರಾಹಕಗಳು ಜೋಡಿಯಾಗುತ್ತವೆ, ಒಳತುದಿಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ ಸಂದೇಶ ರಾಸ್, ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನುಗಳ ಸರಪಳಿಯಲ್ಲಿ ಕೈಯಿಂದ ಕೈಗೆ ದಾಟಿ ಕೋಶಕೇಂದ್ರ ತಲುಪುತ್ತದೆ. ಆಗ ಕೋಶ ವಿಭಜನೆಗೆ ಸಿದ್ಧ. ಸಂದೇಶ ಮುಗಿಯುತ್ತಲೇ ಗ್ರಾಹಕವನ್ನು ಕೋಶ ಒಳಗೆಳೆದುಕೊಳ್ಳುತ್ತದೆ, ರಾಸ್ ತಣ್ಣಗಾಗುತ್ತದೆ. ಕೊಹೆನ್‌ಗೆ 1986ರಲ್ಲಿ ನೊಬೆಲ್ ಬಂತು.

ಎರಡು ಎಳೆಗಳು 1984ರಲ್ಲಿ ಕೂಡಿದವು. ಕೋಳಿಯ ರಕ್ತಕೋಶಗಳಲ್ಲಿ ಕ್ಯಾನ್ಸರ್ ಹುಟ್ಟಿಸುವ ಇನ್ನೊಂದು ವೈರಸ್ಸಿನ ಎರ್ಬ್‌ಬಿ ಎಂಬ ಜೀನನ್ನು ಲಂಡನ್ನಿನ ಮೈಕೇಲ್ ವಾಟರ್‌ಫೀಲ್ಡ್ ಮತ್ತು ಅವನ ವಿದ್ಯಾರ್ಥಿ ಜೂಲಿಯನ್ ಡೌನ್‌ವರ್ಡ್ ಇಜಿಎಫ್‌ಆರ್ ಜೊತೆ ಹೋಲಿಸಿ ನೋಡಿದರು. ಎರಡೂ ಒಂದೇ ಕುಲ. ವ್ಯತ್ಯಾಸ ಇಷ್ಟೇ: ವೈರಸ್ಸಿನ ಗ್ರಾಹಕಕ್ಕೆ ಹೊರಗಿನ ಬಹುಭಾಗ ಇಲ್ಲ. ಯಾರೂ ಬಂದು ಮುಟ್ಟದಿದ್ದರೂ ಅದು ಒಳಗೆ ಸಂದೇಶ ಕಳಿಸುತ್ತಲೇ ಇರುತ್ತದೆ. ಅದೇ ಹೊತ್ತಿನಲ್ಲಿ ಬಾಸ್ಟನ್ ಕಡೆಯ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯದಲ್ಲಿ, ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ಲಕ್ಷ್ಮೀಚರಣ ಪಾಢಿ, ಇಲಿಯ ನರಗೆಡ್ಡೆಯಿಂದ ಇದೇ ಬಳಗದ ಇನ್ನೊಂದು ಮೇಲ್ಮೈ ಪ್ರೋಟೀನನ್ನು ಹಿಡಿದಿದ್ದರು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂದು ಮನೆಮಾತಾಗಿರುವ ಹರ್-2 ಅದರ ಮಾನವ ರೂಪ.

ರಾಸ್ ಜೀನಿನ ಕಥೆ ಇನ್ನೂ ಬೆರಗಿನದು. 1982ರಲ್ಲಿ ಮೂರು ಪ್ರಯೋಗಾಲಯಗಳು ಮೂತ್ರಕೋಶದ ಕ್ಯಾನ್ಸರಿನ ಎಚ್-ರಾಸ್ ಜೀನನ್ನು ಓದಿ ನೋಡಿದವು. ಆರೋಗ್ಯವಂತ ಜೀನಿಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ ಒಂದು ಅಕ್ಷರ. ಆ ಒಂದಕ್ಷರದಿಂದ ಪ್ರೋಟೀನಿನ 12ನೇ ಜಾಗದಲ್ಲಿ ಗ್ಲೈಸಿನ್ ಹೋಗಿ ವ್ಯಾಲಿನ್ ಬರುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರಿನ ಗುಂಡಿ ಒತ್ತಿದ್ದು ಮೇಲೇಳದೆ ಸಿಕ್ಕಿಕೊಂಡರೆ ಮೋಟಾರು ಹೇಗೆ ಓಡುತ್ತಲೇ ಇರುವುದೋ, ರಾಸ್ ಹಾಗಾಗುತ್ತದೆ. ಮೇಲ್ಮೈಯ ಗ್ರಾಹಕ ಸುಮ್ಮನಿದ್ದರೂ ಒಳಗೆ ಆಜ್ಞೆ ನಿಲ್ಲುವುದಿಲ್ಲ.

ಈಗ ಕೆನ್ನೆಗೆ ಬರೋಣ. ಮುಂಬಯಿಯಲ್ಲಿ ಧನಂಜಯ ಸಾರನಾಥ್ ಮತ್ತು ಸಂಗಡಿಗರು ಹೊಗೆಸೊಪ್ಪು ಜಗಿಯುವ ಭಾರತೀಯರ ಬಾಯಿಯ ಗೆಡ್ಡೆಗಳಲ್ಲಿ ಎಚ್-ರಾಸ್ ಜೀನನ್ನು ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರನೇ ಒಂದು ಭಾಗದ ಗೆಡ್ಡೆಗಳಲ್ಲಿ 12 ಅಥವಾ 61ನೇ ಜಾಗ ಕೆಟ್ಟಿತ್ತು. ಸಿಗರೇಟು ಮದ್ಯಗಳಿಂದ ಬರುವ ಪಶ್ಚಿಮದವರ ಬಾಯಿ ಕ್ಯಾನ್ಸರಿನಲ್ಲಿ ಈ ದೋಷ ವಿರಳ. ಅಂದರೆ ಜಗಿಯುವ ರೂಢಿ ಕೋಶದಲ್ಲಿ ತನ್ನದೇ ಗುರುತು ಬಿಟ್ಟುಹೋಗುತ್ತಿತ್ತು. 2013ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ಮತ್ತು ಮುಂಬಯಿಯ ಸಂಶೋಧಕರು ಒಸಡು-ಕೆನ್ನೆಯ ಕ್ಯಾನ್ಸರಿನ ಜೀನುಗಳನ್ನು ಇಡಿಯಾಗಿ ಓದಿದಾಗಲೂ ಎಚ್-ರಾಸ್ ಮುಖ್ಯ ಪಟ್ಟಿಯಲ್ಲೇ ಇತ್ತು. ಜೊತೆಗೆ ಕೋಶದ ಕಾವಲುಗಾರ ಟಿಪಿ53, ಮೇಲ್ಮೈಯ ನಾಚ್-1 ಗ್ರಾಹಕ, ಪಕ್ಕದ ಕೋಶಗಳೊಡನೆ ನಂಟು ಕಾಯುವ ಫ್ಯಾಟ್-1, ಕೋಶದ ಆತ್ಮಹತ್ಯೆಗೆ ಬೇಕಾದ ಕ್ಯಾಸ್ಪೇಸ್-8. ಮೇಲ್ಮೈಯಲ್ಲಿ ಇಜಿಎಫ್‌ಆರ್ ಮಿತಿಮೀರಿ ಮೊಳೆತಿರುವುದು ತಲೆ-ಕುತ್ತಿಗೆಯ ಬಹುಪಾಲು ಕ್ಯಾನ್ಸರುಗಳಲ್ಲಿ ಕಾಣುವ ಸಂಗತಿ.

ಈ ಗುರುತು ಅಡಿಕೆಯದೋ ಹೊಗೆಸೊಪ್ಪಿನದೋ ಎಂದು ಗೆಡ್ಡೆಯೊಂದನ್ನೇ ನೋಡಿ ಹೇಳಲಾಗದು, ನಿಜ. ಆದರೆ ಅಡಿಕೆಯ ಪಾಲಿನ ಕೆಲಸ ಪ್ರತ್ಯೇಕವಾಗಿಯೂ ಗೊತ್ತಿದೆ. ಅಡಿಕೆಯ ಒಗರು ಅಂಶ ಸುಣ್ಣದ ಕ್ಷಾರದಲ್ಲಿ ಉತ್ಕರ್ಷಗೊಂಡು ಬಾಯಿಯಲ್ಲೇ ಹೈಡ್ರೋಜನ್ ಪೆರಾಕ್ಸೈಡಿನಂಥ ವಸ್ತುಗಳನ್ನು ಹುಟ್ಟಿಸುತ್ತದೆ. ಅವು ಡಿಎನ್ಎಗೆ ಪೆಟ್ಟು ಕೊಡುತ್ತವೆ. ಅದರ ಮುಖ್ಯ ಸಾರ ಅರೆಕೋಲಿನ್‌ನಿಂದ ಎಂಜಲಿನಲ್ಲಿ ನೈಟ್ರೋಸಮೀನ್‌ಗಳು ಹುಟ್ಟುತ್ತವೆ. ಅಡಿಕೆಯಲ್ಲಿ ತಾಮ್ರ ಹೆಚ್ಚು; ಅದು ಕೊಲಾಜೆನ್ ನಾರುಗಳನ್ನು ಬಿಗಿದು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಟಿಜಿಎಫ್-ಬೀಟಾ ಎಂಬ ಸಂದೇಶ ಚುರುಕಾಗಿ ನಾರು ಇನ್ನೂ ದಟ್ಟವಾಗುತ್ತದೆ. ಬಾಯಿ ಬಿಗಿಯುವ ರೋಗಕ್ಕೆ ಹೊಗೆಸೊಪ್ಪಿನ ಅಗತ್ಯವೇ ಇಲ್ಲ ಎಂಬುದರಲ್ಲಿ ಇಂದು ವಿವಾದ ಉಳಿದಿಲ್ಲ.

ಮಲೆನಾಡಿಗೆ ಮರಳಿದರೆ, ವಿಜ್ಞಾನ ಹೀಗೆ ಒಂದು ಕಡೆ ಸಾಗಿದ್ದಾಗ ಮಾರುಕಟ್ಟೆ ಇನ್ನೊಂದು ಕಡೆ ಓಡಿತ್ತು. ಹಸಿ ಕಾಯಿ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ಮಾಡುವ ನಮ್ಮ ಕೆಂಪಡಿಕೆಯಲ್ಲಿ ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಬಗೆಗಳು. ಎಪ್ಪತ್ತರ ದಶಕದಿಂದ ಉತ್ತರ ಭಾರತದಲ್ಲಿ ಪಾನ್ ಮಸಾಲಾ, ಗುಟ್ಕಾ ಕಾರ್ಖಾನೆಗಳು ಬೆಳೆದಂತೆ ರಾಶಿ ಇಡಿಯ ದಾರಿ ಅತ್ತ ತಿರುಗಿತು. ತಟ್ಟೆಯಲ್ಲಿ ಎಲೆ, ಸುಣ್ಣದ ಜೊತೆ ಕೂತು ಹಾಕುವ ಕವಳಕ್ಕೆ ಬೇಕಾಗುವ ಅಡಿಕೆ ಎಷ್ಟು? ಶಿವಮೊಗ್ಗ, ಸಾಗರದ ಮಂಡಿಗಳ ಧಾರಣೆಯನ್ನು ಎತ್ತಿ ಇಳಿಸುತ್ತಿದ್ದದ್ದು ಕಾನ್ಪುರ, ದೆಹಲಿಯ ಖರೀದಿ. ಗದ್ದೆಗಳೂ ತೋಟಗಳಾದವು.

ಸುಪ್ರೀಂ ಕೋರ್ಟ್ 2010ರ ಡಿಸೆಂಬರಿನಲ್ಲಿ ಗುಟ್ಕಾದ ಪ್ಲಾಸ್ಟಿಕ್ ಚೀಟುಗಳನ್ನು ನಿಷೇಧಿಸಿ, ಗುಟ್ಕಾ ಮತ್ತು ಪಾನ್ ಮಸಾಲಾಗಳ ದುಷ್ಪರಿಣಾಮದ ಬಗ್ಗೆ ವರದಿ ಕೇಳಿತು. ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯ ವರದಿ 2011ರಲ್ಲಿ ಬಂತು. ಅದೇ ವರ್ಷದ ಆಹಾರ ಸುರಕ್ಷತಾ ನಿಯಮ ಆಹಾರದಲ್ಲಿ ಹೊಗೆಸೊಪ್ಪು, ನಿಕೋಟಿನ್ ಬೆರೆಸುವಂತಿಲ್ಲ ಎಂದಿತು. 2012ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಗುಟ್ಕಾ ನಿಷೇಧಿಸಿತು. ಕರ್ನಾಟಕದಲ್ಲಿ ಸಿದ್ದರಾಮಯ್ಯ ಸರ್ಕಾರ ಬಂದ ಕೆಲವೇ ದಿನಗಳಲ್ಲಿ, 2013ರ ಮೇ ಕೊನೆಗೆ ಆಜ್ಞೆ ಹೊರಟಿತು. ಅಡಿಕೆ ನಾಡಿನಲ್ಲಿ ಆತಂಕ, ಪ್ರತಿಭಟನೆ. ಮುಂದೆ ಆದದ್ದು ಯಾರ ಲೆಕ್ಕಕ್ಕೂ ಸಿಗಲಿಲ್ಲ: 2014ರಲ್ಲಿ ರಾಶಿ ಇಡಿ ಧಾರಣೆ ಅಲ್ಲಿಯವರೆಗೆ ಕಾಣದ ಎತ್ತರಕ್ಕೆ ಏರಿತು. ಕಾರ್ಖಾನೆಗಳು ಪಾನ್ ಮಸಾಲಾವನ್ನೊಂದು ಚೀಟಿನಲ್ಲಿ, ಹೊಗೆಸೊಪ್ಪನ್ನು ಇನ್ನೊಂದು ಚೀಟಿನಲ್ಲಿ ತುಂಬಿ ಒಂದೇ ಅಂಗಡಿಯಲ್ಲಿ ತೂಗುಹಾಕಿದ್ದವು. ನಿಷೇಧದ ಅಕ್ಷರ ಉಳಿಯಿತು. ಕೆನ್ನೆಯೊಳಗೆ ಎರಡೂ ಮತ್ತೆ ಒಂದಾದವು.

ಬೆಳೆಗಾರರ ಪರವಾದ ವಾದಗಳಲ್ಲಿ ಎಲ್ಲವೂ ಜಳ್ಳಲ್ಲ. ಬೇಯಿಸಿದ ಅಡಿಕೆಯಲ್ಲಿ ಅರೆಕೋಲಿನ್ ಬಹಳಷ್ಟು ಇಳಿಯುತ್ತದೆ ಎಂಬುದನ್ನು ಲಿಯಾನ್ ಸಂಪುಟವೇ ಉಲ್ಲೇಖಿಸುತ್ತದೆ. ತೈವಾನಿನ ಹಸಿ ಕಾಯಿಯೂ ತೀರ್ಥಹಳ್ಳಿಯ ಬೆಟ್ಟೆಯೂ ಒಂದೇ ಅಲ್ಲ. 2020ರ ಸಭೆಯಲ್ಲಿ ಅದೇ ಸಂಸ್ಥೆ ಅರೆಕೋಲಿನ್ ಅನ್ನು ಪ್ರತ್ಯೇಕವಾಗಿ ತೂಗಿ ‘ಬಹುಶಃ ಕಾರಕವಿರಬಹುದು’ ಎಂಬ ಕೆಳಗಿನ ಗುಂಪಿಗೆ ಹಾಕಿತು. ಇದನ್ನು ಹಿಡಿದು ಅಡಿಕೆ ಆರೋಪಮುಕ್ತವಾಯಿತು ಎಂದವರು ಮಾತ್ರ ಅವಸರಪಟ್ಟರು. ಒಂದು ಸಾರದ ವಿಷಯದಲ್ಲಿ ಪುರಾವೆ ಕಡಿಮೆ ಎಂದರೆ ಇಡೀ ಅಡಿಕೆಯ ಮೇಲಿನ ತೀರ್ಪು ಬದಲಾಗುವುದಿಲ್ಲ. ಅದು ಒಂದನೇ ಗುಂಪಿನಲ್ಲೇ ಇದೆ. ತೀರ್ಥಹಳ್ಳಿಯ ಶಾಸಕ ಆರಗ ಜ್ಞಾನೇಂದ್ರ ಅಡಿಕೆ ಕಾರ್ಯಪಡೆಯ ಅಧ್ಯಕ್ಷರಾಗಿದ್ದಾಗ ಬೆಂಗಳೂರಿನ ರಾಮಯ್ಯ ವಿಶ್ವವಿದ್ಯಾಲಯದಿಂದ ಸಂಶೋಧನೆ ಮಾಡಿಸಿ ಸುಪ್ರೀಂ ಕೋರ್ಟಿನ ಮುಂದಿಡುವ ಮಾತು ಬಂತು. ಉತ್ತರವನ್ನು ಮೊದಲೇ ಬರೆದಿಟ್ಟು ಪ್ರಶ್ನೆ ಕೇಳುವ ಸಂಶೋಧನೆಯ ಬಗ್ಗೆ ನನಗೆ ಅಂಥ ಭರವಸೆ ಇಲ್ಲ.

ಇದೇ ನೆಲದಲ್ಲಿ ಇನ್ನೊಂದು ವೈಚಿತ್ರ್ಯವೂ ಇತ್ತು. ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರದಲ್ಲಿ ನಾರಾಯಣಮೂರ್ತಿ ವೈದ್ಯರು ಮರದ ಚಕ್ಕೆಗಳ ಔಷಧ ಕೊಡುತ್ತಿದ್ದರು. ಗುರುವಾರ, ಭಾನುವಾರ ಬಂತೆಂದರೆ ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳ ಕಡೆಯವರು ಹಿಂದಿನ ರಾತ್ರಿಯೇ ಬಂದು ಸಾಲು ನಿಲ್ಲುತ್ತಿದ್ದರು. 2020ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ಸಾಲನ್ನು ನೋಡಿ ನಗುವುದು ಸುಲಭ. ಕಿದ್ವಾಯಿ ಆಸ್ಪತ್ರೆ ಬೆಂಗಳೂರಿನಲ್ಲಿ 1973ರಿಂದ ಇದ್ದರೂ, ಅಲ್ಲಿ ಕೈಚೆಲ್ಲಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಆ ಜನರಿಗೆ ಸಿಕ್ಕಿದ್ದ ಉತ್ತರ ಅದು.

ಆಧುನಿಕ ಔಷಧದ ಕಡೆಯಿಂದ ಉತ್ತರವೊಂದು ಬಂದದ್ದೂ ಬೆಂಗಳೂರಿನಿಂದಲೇ. ಇಜಿಎಫ್‌ಆರ್ ಕೋಶದ ಹೊರಗೆ ಚಾಚಿಕೊಂಡಿದೆ ಎಂದಮೇಲೆ ಅದನ್ನು ಪ್ರತಿಕಾಯದಿಂದ ಮುಚ್ಚಿಬಿಟ್ಟರೆ? ಅಮೆರಿಕದ ಜಾನ್ ಮೆಂಡೆಲ್‌ಸೋನ್ ಎಂಬತ್ತರ ದಶಕದ ಮೊದಲಲ್ಲೇ ಈ ಉಪಾಯ ಹೂಡಿದ್ದ. ಅದರಿಂದ ಹುಟ್ಟಿದ ಸೆಟುಕ್ಸಿಮ್ಯಾಬ್‌ಗೆ ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಬಯೋಕಾನ್ ಸಂಸ್ಥೆ ಕ್ಯೂಬಾದ ಹವಾನಾದಲ್ಲಿ ರೂಪುಗೊಂಡ ನಿಮೊಟುಜುಮ್ಯಾಬ್ ಅನ್ನು ಭಾರತದ ಮಾರುಕಟ್ಟೆಗೆ ತಂದಿತು. ಗ್ರಾಹಕಗಳು ದಟ್ಟವಾಗಿರುವ ಕಡೆ ಮಾತ್ರ ಇದು ಗಟ್ಟಿಯಾಗಿ ಅಂಟುವುದರಿಂದ ಚರ್ಮ ಕೆರಳುವುದು ಕಡಿಮೆ. ಭಾರತದ 92 ರೋಗಿಗಳ ಮೊದಲ ಪರೀಕ್ಷೆ ಆಸೆ ಹುಟ್ಟಿಸಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 536 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ, ಕಿಮೋ ಮತ್ತು ವಿಕಿರಣದ ಜೊತೆ ಇದನ್ನು ಕೊಟ್ಟಾಗ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು; ಆಯುಷ್ಯ ಹೆಚ್ಚಿತೆಂದು ಖಚಿತವಾಗಿ ಹೇಳುವಷ್ಟು ಅಂತರ ಸಿಗಲಿಲ್ಲ. ಗ್ರಾಹಕದ ಕೆಳಗೆ ರಾಸ್ ಕೆಟ್ಟಿದ್ದರೆ ಮೇಲೆ ಮುಚ್ಚಿ ಪ್ರಯೋಜನವಿಲ್ಲ ಎಂಬುದು ಕರುಳಿನ ಕ್ಯಾನ್ಸರಿನಲ್ಲಿ 2008ರ ಹೊತ್ತಿಗೇ ಸ್ಪಷ್ಟವಾಗಿತ್ತು. ಜಗಿಯುವವರ ಗೆಡ್ಡೆಗಳಲ್ಲಿ ಎಚ್-ರಾಸ್ ದೋಷ ಹೆಚ್ಚೆಂಬ 1991ರ ಆ ಹಳೆಯ ಶೋಧ ಇಲ್ಲಿ ಮತ್ತೆ ಅರ್ಥ ಪಡೆಯುತ್ತದೆ. ಎಚ್-ರಾಸ್ ಕೋಶದ ಪೊರೆಗೆ ಅಂಟಿಕೊಳ್ಳದಂತೆ ತಡೆಯುವ ಟಿಪಿಫಾರ್ನಿಬ್ ಎಂಬ ಹಳೆಯ ಔಷಧವನ್ನು ಹೊಸದಾಗಿ ಪರೀಕ್ಷಿಸಿದ್ದೂ ಈ ಕಾರಣಕ್ಕೇ.

ಕೋಶದ ಮೇಲ್ಮೈಯ ಇನ್ನೊಂದು ಪ್ರೋಟೀನು ಪಿಡಿ-ಎಲ್1. ದೇಹದ ರಕ್ಷಕ ಕೋಶಗಳಿಗೆ ‘ನನ್ನನ್ನು ಬಿಟ್ಟುಬಿಡು’ ಎಂದು ಸುಳ್ಳು ಹೇಳುವುದು ಅದರ ಕೆಲಸ. ಆ ಸುಳ್ಳನ್ನು ಮುರಿಯುವ ನಿವೊಲುಮ್ಯಾಬ್ ಬೆಲೆ ಸಾಮಾನ್ಯರಿಗೆ ನಿಲುಕದ್ದು. ಟಾಟಾ ಆಸ್ಪತ್ರೆಯವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ರೂಢಿಯ ಪ್ರಮಾಣದ ಹತ್ತನೇ ಒಂದಕ್ಕಿಂತಲೂ ಕಡಿಮೆ ಕೊಟ್ಟು ನೋಡಿದರು. ಗುಣವಾಗದ ಹಂತ ತಲುಪಿದ್ದವರಲ್ಲಿ ವರ್ಷ ದಾಟಿ ಬದುಕಿದವರು ಶೇ 16.3ರಿಂದ 43.4ಕ್ಕೆ ಏರಿದರು. ಕಳೆದ ಕೆಲವು ವರ್ಷಗಳಲ್ಲಿ ಬಡ ರೋಗಿಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ನಾನು ಓದಿಲ್ಲ. ನಮ್ಮ ಪತ್ರಿಕೆಗಳಲ್ಲಿ ಅದು ಧಾರಣೆಯ ಪಟ್ಟಿಯಷ್ಟೂ ಜಾಗ ಪಡೆಯಲಿಲ್ಲ.

2024ರ ಅಕ್ಟೋಬರಿನಲ್ಲಿ ಲಿಯಾನ್ ಸಂಸ್ಥೆಯ ಹೊಸ ಅಂದಾಜು ಬಂತು. 2022ರಲ್ಲಿ ಜಗತ್ತಿನ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು 1,20,000 ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ. ಅದರಲ್ಲಿ ಭಾರತದ ಪಾಲು ಸುಮಾರು 83,400. ಮಲೆನಾಡು ಮತ್ತೆ ಕೆರಳಿತು. 2025ರ ಜನವರಿಯಲ್ಲಿ ಸಾಗರದಲ್ಲಿ ನಡೆದ ಬೆಳೆಗಾರರ ಸಮಾವೇಶಕ್ಕೆ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಬಂದು, ಅಡಿಕೆಯ ಮೇಲಿನ ಕಳಂಕದ ಬಗ್ಗೆ ವೈಜ್ಞಾನಿಕ ಅಧ್ಯಯನದ ಭರವಸೆ ಕೊಟ್ಟು ಹೋದರು. ಅಧ್ಯಯನ ಆಗಲಿ. ಹೊಗೆಸೊಪ್ಪು ಮುಟ್ಟದೆ ಬೇಯಿಸಿದ ಕೆಂಪಡಿಕೆಯ ಕವಳ ಮಾತ್ರ ಹಾಕುವವರು ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಅವರ ಕೆನ್ನೆಯ ಕೋಶಗಳಲ್ಲಿ ಇಜಿಎಫ್‌ಆರ್ ಎಷ್ಟಿದೆ, ಎಚ್-ರಾಸ್ ಹೇಗಿದೆ, ಬಾಯಿ ಎಷ್ಟು ಬೆರಳು ತೆರೆಯುತ್ತದೆ ಎಂದು ವರ್ಷಗಟ್ಟಲೆ ನೋಡುವ ಅಧ್ಯಯನವಾದರೆ ಬೆಳೆಗಾರನಿಗೂ ಜಗಿಯುವವನಿಗೂ ಉಪಯೋಗ.

ಅಷ್ಟರಲ್ಲಿ 2025ರ ಮೇನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳಿಂದ ಅಡಿಕೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದೆಂದು ಹೇಳಿ, ಅವು ಸುರಕ್ಷಿತವಲ್ಲವೆಂದು ಸಾರಿ ಆಮದಿಗೆ ತಡೆಯೊಡ್ಡಿತು. ಇದಕ್ಕೆ ಸಮಾವೇಶದ ಠರಾವು ಸಾಲದು; ಬಿಸಿ ಸಾರು ಬಡಿಸಿದ ತಟ್ಟೆಯಿಂದ ಎಷ್ಟು ಮೈಕ್ರೋಗ್ರಾಂ ಅರೆಕೋಲಿನ್ ಇಳಿಯುತ್ತದೆ ಎಂಬ ಅಳತೆಯನ್ನು ಯಾರಾದರೂ ಮಾಡಿ ಮುಂದಿಡಬೇಕು.